ಮಚ್ಛೇಂದ್ರನ ಒಂದೂವರೆ ಅಡಿ ಶಬ್ದಗಳು

ಭಾಲ್ಕಿ ತಹಸೀಲ ಕಚೇರಿಯ ಮುಂದೆ ಒಂದು ಬೇವಿನ ಮರವಿತ್ತು. ಅದರ ಒಂದು ಮಗ್ಗುಲಿಗೆ ನಾನು ಸ್ಟಾಂಪು ಕಾಗದ ಮಾರುತ್ತಿದ್ದೆ, ಇನ್ನೊಂದು ಮಗ್ಗುಲಿಗೆ ಮಚ್ಛೇಂದ್ರ ಚಾಪೆ ಹಾಸಿಕೊಂಡು ಜನರ ಅರ್ಜಿ ಬರೆಯುತ್ತಿದ್ದ. ಹದಿನೆಂಟು ವರ್ಷ ಹೀಗೇ ಕೂತೆವು. ಅವನಿಗೆ ಬುದ್ಧಿ ಹೇಳಿ ಹೇಳಿ ನನ್ನ ನಾಲಿಗೆ ಸವೆಯಿತೇ ಹೊರತು ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ. ಕೊನೆಗಾಲದಲ್ಲಿ ಔರಾದ, ಕಮಲನಗರದಿಂದಲೂ ಜನ ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಬರೆದದ್ದನ್ನು ಓದಿ ಹೇಳದೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಿಲ್ಲ ಅಂತ ಹೆಸರಾಗಿದ್ದ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಚ್ಛೇಂದ್ರ ಅಲ್ಲೇ ಹತ್ತಿರದ ಮೆಹಕರ ಹಳ್ಳಿಯವನು. ಅವನ ಅಪ್ಪ ಬೀದರಿನ ಒಂದು ಪಾದ್ರಿ ಬಂಗಲೆಯಲ್ಲಿ ಮಾಲಿಯಾಗಿದ್ದ. ಬಂಗಲೆಯ ಮುದಿ ಸಾಹೇಬ ಇವನಿಗೆ ಓದು ಕಲಿಸಿ, ತನ್ನ ದೇಶಕ್ಕೆ ಮರಳುವಾಗ ಗೆದ್ದಲು ತಿಂದ ಒಂದು ಇಂಗ್ಲಿಷ್ ಡಿಕ್ಷನರಿಯನ್ನು ಕೈಗಿಟ್ಟು ಹೋದ. ಮೊದಲ ನಾಲ್ಕು ಅಕ್ಷರಗಳ ಹಾಳೆಗಳು ಪೂರ್ತಿ ಮಣ್ಣಾಗಿದ್ದವು. ಐದನೆಯ ಅಕ್ಷರದಿಂದ ಕೊನೆಯ ತನಕ ಇವನು ಬಾಯಿಪಾಠ ಮಾಡಿದ. "ನಿನ್ನ ಇಂಗ್ಲೀಷಿಗಿ ತಲೀನೇ ಇಲ್ಲಲೋ" ಅಂತ ನಾನು ಛೇಡಿಸಿದರೆ, "ಮೈ ಗಟ್ಟಿ ಅದರಿ ಹಣಮಂತಪ್ಪನವರ" ಅನ್ನುತ್ತಿದ್ದ.

ಮಧ್ಯಾಹ್ನ ಚಹಾ ಕುಡಿಯುವಾಗ ದಿನಕ್ಕೊಂದು ಶಬ್ದ ತೆಗೆಯುತ್ತಿದ್ದ. ಯಾರೂ ಬಳಸದ್ದೇ ಬೇಕು ಅವನಿಗೆ. ಸಿಕೊಫಂಟ್ ಅಂದರೆ ದೊಡ್ಡವರ ಬಾಲ ಹಿಡಿದು ತಿರುಗುವವನು. ಗ್ರೀಕ್ ಮೂಲದಲ್ಲಿ ಅದಕ್ಕೆ ಅಂಜೂರ ತೋರಿಸುವವನು ಅಂತ ಅರ್ಥವಂತೆ, ಅಂಜೂರವೇ ಯಾಕೆ ಅನ್ನುವುದು ಪಂಡಿತರಿಗೂ ಖಾತ್ರಿಯಿಲ್ಲವಂತೆ. ಅಂದಿನಿಂದ, ಸಾಹೇಬರ ಮುಂದೆ ಕಾಗದ ಇಡುವ ಕಚೇರಿಯ ಪೇಶ್ಕಾರನಿಗೆ ನಾವಿಬ್ಬರೂ ಅಂಜೂರ ಅಂತಲೇ ಹೆಸರಿಟ್ಟೆವು. ಸೆಸ್ಕ್ವಿಪೆಡೇಲಿಯನ್ ಅಂದರೆ ಉದ್ದುದ್ದ ಶಬ್ದ. ಲ್ಯಾಟಿನ್ನಿನಲ್ಲಿ ಸೆಸ್ಕ್ವಿ ಒಂದೂವರೆ, ಪೆಸ್ ಪಾದ. ಅಲ್ಲಿಗೆ ಒಂದೂವರೆ ಅಡಿ ಉದ್ದದ್ದು! ಅದನ್ನು ಹೇಳಿದ ದಿನವೇ ನಾನು ಅವನಿಗೆ ಒಂದೂವರೆ ಅಡಿ ಅಂತ ಹೆಸರಿಟ್ಟೆ. ಅವನಿಗೆ ಅದು ಬೈಗುಳವಾಗಿ ಕೇಳಿಸಲೇ ಇಲ್ಲ, ಖುಷಿಪಟ್ಟ. ಊರಲ್ಲಿ ಅವನಿಗೆ ಕಟ್ಟೆ ಹತ್ತಗೊಡದ ಜನ ಇಲ್ಲಿ ಅವನ ಚಾಪೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು "ಛಲೋ ವಜನ್ದ ಮಾತ ಹಾಕಿ ಬರಿಪಾ" ಅನ್ನುತ್ತಿದ್ದರು. ಹಾಗಿರುವಾಗ ತೂಕದ ಉದ್ದ ಶಬ್ದದ ಮೇಲೆ ಅವನಿಗೆ ಪ್ರೀತಿ ಹುಟ್ಟದೆ ಇನ್ನೇನಾದೀತು?

ನಿಜಾಮರ ಕಾಲದ ಅರ್ಜಿಗೆ ಒಂದು ರಿವಾಜಿತ್ತು. ಎಲ್ಲ ಉರ್ದುವಿನಲ್ಲೇ. 'ಗರೀಬ್ ಪರ್ವರ್ ಸಲಾಮತ್', ಬಡವರ ಪಾಲಕರು ಚೆನ್ನಾಗಿರಲಿ, ಅಂತ ಶುರುಮಾಡಿ, ಸಾಹೇಬರ ನ್ಯಾಯ, ದಯೆ, ದೊಡ್ಡಸ್ತಿಕೆಗಳನ್ನು ಮುಕ್ಕಾಲು ಹಾಳೆ ಹೊಗಳಬೇಕು. ಕೆಲಸದ ಮಾತು ಕಟ್ಟಕಡೆಯ ಸಾಲಿನಲ್ಲಿ. ಪೇಶ್ಕಾರನಿಗೆ ಇದು ಗೊತ್ತಿತ್ತು. ಅವನು ಹಾಳೆ ಕೈಗೆತ್ತಿಕೊಂಡವನೇ ಕೊನೆಯ ಸಾಲು ನೋಡುತ್ತಿದ್ದ. ಮೇಲಿನದನ್ನು ಯಾರೂ ಓದುತ್ತಿರಲಿಲ್ಲ, ಆದರೆ ಅದು ಇಲ್ಲದಿದ್ದರೆ ಅರ್ಜಿ ಸಾಹೇಬರಿಗೆ ಮುಟ್ಟುತ್ತಿರಲಿಲ್ಲ.

ಅಷ್ಟರಲ್ಲಿ ನಲವತ್ತೆಂಟರ ಪೊಲೀಸ್ ಆಕ್ಷನ್ ಆಯಿತು. ಭಾರತದ ಫೌಜು ಬಂತು, ಐದೇ ದಿನದಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. ಆಮೇಲಿನ ವಾರಗಳಲ್ಲಿ ನಮ್ಮ ಸೀಮೆಯ ಹಳ್ಳಿಗಳಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ. ನಿಜಾಮರ ಪರ ಬಂದೂಕು ಹಿಡಿದ ರಜಾಕಾರರ ಜೊತೆಗಿದ್ದವರನ್ನು ಹಿಡಿಯುವಾಗ ಸಂಬಂಧವಿಲ್ಲದವರೂ ಸಿಕ್ಕಿಬಿದ್ದರು. ಭಾಲ್ಕಿ ಸ್ಟೇಷನ್ನಿನಲ್ಲಿ ಟಾಂಗಾ ಹೊಡೆಯುವ ಖಾಜಾ ಮಿಯಾ ಅವರಲ್ಲೊಬ್ಬ. ರಜಾಕಾರರನ್ನು ಟಾಂಗಾದಲ್ಲಿ ಕೂಡಿಸಿಕೊಂಡು ಹೋದ ಅನ್ನುವುದು ಅವನ ಮೇಲಿನ ಮಾತು. ಹೌದು, ಹೋಗಿದ್ದ. ಒಲ್ಲೆ ಅಂದಿದ್ದರೆ ಅವನ ಚಾಬೂಕು ಅವನ ಬೆನ್ನ ಮೇಲೇ ಆಡುತ್ತಿತ್ತು! ಅವನನ್ನು ಬೀದರಿಗೆ ಒಯ್ದು ಒಂದು ಹಳೆಯ ಗೋದಾಮಿನಲ್ಲಿ ಕೂಡಿಹಾಕಿದರು.

ಅವನ ತಾಯಿ ಇಮಾಮಬೀ ಎರಡು ತಿಂಗಳು ಕಾದು, ಕೋಲೂರಿಕೊಂಡು ನಮ್ಮ ಮರದ ಕೆಳಗೆ ಬಂದಳು. ಹೊಸ ಸಾಹೇಬರು ಹೊರಗಿನವರು, ಉರ್ದು ಓದಲಾರರು. ಅರ್ಜಿ ಇಂಗ್ಲಿಷಿನಲ್ಲೇ ಆಗಬೇಕಿತ್ತು. ಇಡೀ ಭಾಲ್ಕಿಯಲ್ಲಿ ಆ ಕೆಲಸಕ್ಕೆ ಕೂತವನು ಮಚ್ಛೇಂದ್ರನೊಬ್ಬನೇ. ಅವನ ಮುಖ ನೋಡಬೇಕಿತ್ತು ನೀವು! ಇಪ್ಪತ್ತು ವರ್ಷ ಕೂಡಿಟ್ಟದ್ದನ್ನು ಹೊರತೆಗೆಯುವ ಹೊತ್ತು ಬಂದಿತ್ತು. ಎರಡು ದಿನ ಕೂತು ಬರೆದ. ಸಾಹೇಬರು ಪರ್ಸ್ಪಿಕೇಶಿಯಸ್, ತಾಯಿ ಲ್ಯಾಕ್ರಿಮೋಸ್, ಕೇಳುತ್ತಿರುವುದು ಎಲಿಮಾಸಿನರಿ ಕೃಪೆ. ಒಂದು ಸೂಕ್ಷ್ಮದೃಷ್ಟಿಯದು, ಒಂದು ಕಣ್ಣೀರಿನದು, ಒಂದು ಭಿಕ್ಷೆಯದು ಅಂತ ನನಗೆ ಬಿಡಿಸಿ ಹೇಳಿದ.

"ಅಲ್ಲೋ, ಹುಡುಗನ ಹೆಸರ ಎಲ್ಲಿ ಅದ?" ಅಂದೆ.

"ಕಡೀಕ ಅದರಿ. ರಿವಾಜ ಹಾಂಗ ಅಲ್ಲೇನ್ರಿ?"

ಇಮಾಮಬೀ ಹೆಬ್ಬೆರಳಿಗೆ ಮಸಿ ಹಚ್ಚಿಸಿಕೊಳ್ಳುವ ಮೊದಲು, "ಮುನ್ಶಿಜೀ, ಒಂದ ಸಲ ಓದಿ ಹೇಳ್ರಿ" ಅಂದಳು.

"ನಿಮಗ ತಿಳಿಯಂಗಿಲ್ಲರಿ ಖಾಲಾ. ಭಾಳ ವಜನ್ದ ಮಾತ ಅವ."

ಮುದುಕಿ ನಂಬಿ ಒತ್ತಿದಳು. ಅರ್ಜಿ ಬೀದರಿಗೆ ಹೋಯಿತು. ಆಕೆ ದಿನಾ ಬಂದು ಮರದ ಬೇರಿನ ಮೇಲೆ ಕೂತು ಹೋಗುತ್ತಿದ್ದಳು. ಎರಡು ವಾರ ಬಂದಳು. ಆಮೇಲೆ ಜ್ವರ ಹಿಡಿದು ಬರುವುದು ನಿಂತಿತು.

ಇಪ್ಪತ್ತೆರಡನೆಯ ದಿನ ಅರ್ಜಿ ಮರಳಿ ಬಂತು. ಮೂರನೆಯ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ. ಪಕ್ಕದಲ್ಲಿ, ವಿಷಯ ಏನೆಂದು ತಿಳಿಯಲಿಲ್ಲ ಅಂತ ಒಂದೇ ಸಾಲು. ಮುಂದೆ ಒಂದು ಗುರುತೂ ಇಲ್ಲ. ಸಾಹೇಬ ಮೇಲಿನಿಂದ ಓದುವವನು. ಮೂರು ಸಾಲಿಗೆ ಸೋತು ಕೆಳಗಿಟ್ಟಿದ್ದ. ಖಾಜಾ ಮಿಯಾನ ಹೆಸರಿನ ತನಕ ಅವನ ಕಣ್ಣು ಇಳಿಯಲೇ ಇಲ್ಲ. ಮಚ್ಛೇಂದ್ರ ಆ ಹಾಳೆಯನ್ನು ಎಷ್ಟು ಹೊತ್ತು ಹಿಡಿದು ಕೂತನೋ. ನನಗೆ ಮೈಯೆಲ್ಲ ಉರಿಯುತ್ತಿತ್ತು. "ಏಳಲೇ, ಆಕಿ ಮನೀಗಿ ನಡಿ" ಅಂತ ರೆಟ್ಟೆ ಹಿಡಿದು ಎಬ್ಬಿಸಿದೆ.

ಇಮಾಮಬೀ ಸ್ಟೇಷನ್ನಿನ ಹಿಂದಿನ ತಗಡಿನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಹೊರಗೆ ಟಾಂಗಾದ ಕುದುರೆ ಪಕ್ಕೆಲುಬು ಕಾಣಿಸಿಕೊಂಡು ನಿಂತಿತ್ತು. ಮಚ್ಛೇಂದ್ರ ನೆಲದ ಮೇಲೆ ಕೂತ.

"ಖಾಲಾ, ತಪ್ಪ ನಂದರಿ. ಈ ಸಲ ನೀವ ಹೇಳ್ರಿ, ನಾ ಬರಿತೇನಿ."

ಆಕೆ ಕಣ್ಣು ಮುಚ್ಚಿಕೊಂಡೇ ಹೇಳಿದಳು. "ನನ್ನ ಮಗ ಖಾಜಾ ಮಿಯಾ. ಟಾಂಗಾ ಹೊಡಿತಾನ. ಎಡಗಾಲ ಸೊಟ್ಟ ಅದ, ಅದರ ಮ್ಯಾಲಿಂದ ಗುರ್ತ ಹಿಡಿರಿ. ಅವಗ ತಂಗಳ ರೊಟ್ಟಿ ಸೇರಂಗಿಲ್ಲ. ಕುದುರಿ ಅವನ ಕೈಲೇ ಹಾಕಿದ್ರ ಅಷ್ಟೇ ತಿಂತದ. ತಪ್ಪ ಮಾಡ್ಯಾನಂದ್ರ ಶಿಕ್ಷಾ ಕೊಡ್ರಿ. ಇಲ್ಲಂದ್ರ ಬಿಡ್ರಿ. ಹೀಂಗ ಒಳಗ ಹಾಕಿ ಮರತ ಬಿಡಬ್ಯಾಡ್ರಿ."

ಮಚ್ಛೇಂದ್ರನ ಲೇಖಣಿ ನಿಂತಿತು. ನನಗೆ ಗೊತ್ತಾಯಿತು, ಶಬ್ದ ಬಂತು ಇವನಿಗೆ! ಬಡಿದುಬಿಡೋಣ ಅನ್ನಿಸಿತು. ಆದರೆ ಅವನು ಬರೆಯಲಿಲ್ಲ, ಮುದುಕಿಯನ್ನು ಕೇಳಿದ.

"ಖಾಲಾ, ನೀವಂದದ್ದಕ್ಕ ಒಂದ ಶಬ್ದ ಅದರಿ. ಊಬ್ಲಿಯೆಟ್. ನೆಲದಾಗ ತೋಡಿದ ಜೇಲ್ರಿ ಅದು, ಬಾಗಲ ಮ್ಯಾಲ ಮಾಳಿಗ್ಯಾಗ ಅಷ್ಟೇ ಇರ್ತದ. ಫ್ರೆಂಚ್ ಮಾತಿನಾಗ ಅದರ ಮೂಲ, ಮರಿಯೋದು ಅಂತ. ಒಗದವ್ರೇ ಮರತಬಿಡೋ ಜಾಗಾ. ಹಾಕ್ಲೇನ್ರಿ?"

ಆಕೆ ಕಣ್ಣು ತೆರೆದಳು. "ಅಂಥಾದ್ದಕ್ಕೂ ಹೆಸರ ಇಟ್ಟಾರೇನ್ರಿ? ಹಾಕ್ರಿ. ಅದೊಂದೇ ಹಾಕ್ರಿ."

ಇಂಗ್ಲಿಷಿನಲ್ಲಿ ಬರೆದು, ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿದ. "ಹೂಂ, ಇದು ನನ್ನ ಮಾತ" ಅಂತ ಆಕೆ ಬೆರಳು ಚಾಚಿದಳು. ಬಿಸಿಯಾಗಿದ್ದ ಆ ಕೈಯನ್ನು ನಾನೇ ಹಿಡಿದು ಒತ್ತಿಸಿದೆ.

ಮರುದಿನ ಮಚ್ಛೇಂದ್ರ ತಾನೇ ರೈಲು ಹತ್ತಿ ಬೀದರಿಗೆ ಹೋದ. ಸಾಹೇಬ ಒಂದೇ ಉಸಿರಿಗೆ ಓದಿ ಆ ಶಬ್ದದ ಹತ್ತಿರ ನಿಂತು, ಇದೇನೆಂದು ಕೇಳಿದನಂತೆ. ಇವನು ಹೇಳಿದ. ಸಾಹೇಬ ಗೋದಾಮಿನ ಪಟ್ಟಿ ತರಿಸಿದ. ಖಾಜಾ ಮಿಯಾ ಅಂತ ಹೆಸರಿತ್ತು, ಸೊಟ್ಟ ಕಾಲು ಅಂತಲೂ ಇತ್ತು. ಕೇಸಿನ ಕಾಗದ ಮಾತ್ರ ಯಾವ ಮೇಜಿನ ಮೇಲೂ ಇರಲಿಲ್ಲ. ಅವನನ್ನು ನಿಜಕ್ಕೂ ಮರೆತೇಬಿಟ್ಟಿದ್ದರು. ವಿಚಾರಿಸಿ ಬಿಡಲು ಹುಕುಂ ಆಯಿತು.

ಒಂಬತ್ತನೆಯ ದಿನ ಖಾಜಾ ಮಿಯಾ ಭಾಲ್ಕಿಯಲ್ಲಿ ರೈಲು ಇಳಿದ. ಅದಕ್ಕೆ ನಾಲ್ಕು ದಿನ ಮುಂಚೆ ಇಮಾಮಬೀಯನ್ನು ಮಣ್ಣು ಮಾಡಿದ್ದೆವು.

ಬೈಯಬೇಕೆಂದು ಎಷ್ಟೋ ಮಾತು ಕೂಡಿಸಿಟ್ಟುಕೊಂಡಿದ್ದೆ. ಮಚ್ಛೇಂದ್ರ ಚಾಪೆಯ ಮೇಲೆ ತಲೆ ತಗ್ಗಿಸಿ, "ಇಪ್ಪತ್ತೆರಡ ದಿನರಿ ಹಣಮಂತಪ್ಪನವರ" ಅಂದ. ನನಗೂ ಅಳು ಬಂತು. ಅವನ ಕೈ ಹಿಡಿದುಕೊಂಡು ಕೂತೆ.

ವಾರದ ನಂತರ ಖಾಜಾ ಮಿಯಾ ಟಾಂಗಾ ನಿಲ್ಲಿಸಿ, ಕಾಲೆಳೆಯುತ್ತ ಮರದ ಕೆಳಗೆ ಬಂದ. "ಮುನ್ಶಿಜೀ, ನಮ್ಮ ಅಮ್ಮಾ ಏನ ಬರಸಿದ್ಳರಿ? ನಕಲ್ ಅದ ಏನ್ರಿ?"

ಮಚ್ಛೇಂದ್ರ ಕಟ್ಟು ಬಿಚ್ಚಿ ಎರಡನೆಯ ಅರ್ಜಿಯ ನಕಲು ತೆಗೆದು, ಕನ್ನಡದಲ್ಲಿ ನಿಧಾನವಾಗಿ ಓದಿದ. ತಂಗಳು ರೊಟ್ಟಿಯ ಮಾತು ಬಂದಾಗ ಖಾಜಾ ಮಿಯಾ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡ. ಕುದುರೆಯ ಮಾತು ಬಂದಾಗ ಅತ್ತುಬಿಟ್ಟ. ಇನ್ನೊಮ್ಮೆ ಓದಿಸಿಕೊಂಡ. ಆಮೇಲೆ ಕಟ್ಟಿನಲ್ಲಿದ್ದ ಕೆಂಪು ಗೆರೆಯ ಹಾಳೆಗೆ ಕೈ ತೋರಿಸಿ, ಅದನ್ನೂ ಓದಿ ಅಂದ.

ಮಚ್ಛೇಂದ್ರ ಆ ಹಾಳೆಯನ್ನು ಮಡಚಿದ.

"ಅದು ಬ್ಯಾಡಪಾ. ಅದರಾಗ ನಿಮ್ಮ ಅಮ್ಮಾ ಇಲ್ಲ. ಬರೀ ನಾನೇ ಅದೀನಿ."