ಕೆರೆಯ ನಡುವೆ ಒಂದು ಕೆಂಪು ಚುಕ್ಕೆ

ಮದುವೆಯಾಗಿ ಚೆನ್ನೈಗೆ ಬಂದ ಹೊಸತರಲ್ಲಿ ನನಗೊಂದು ಜಂಬವಿತ್ತು. ತಮಿಳು ಬೇರೆ ಭಾಷೆಯೇನಲ್ಲ, ಅವಸರದಲ್ಲಿ ಆಡಿದ ಕನ್ನಡ, ಅಷ್ಟೇ. ಹಾಲು ಪಾಲಾಗುತ್ತದೆ, ಹೂವು ಪೂವಾಗುತ್ತದೆ, ಇನ್ನು ಕಲಿಯುವುದೇನಿದೆ? ಎಗ್ಮೋರ್ ಹತ್ತಿರದ ರೈಲ್ವೆ ಕ್ವಾರ್ಟರ್ಸಿನಲ್ಲಿ ಹುಟ್ಟಿ ಬೆಳೆದ ನಮ್ಮತ್ತೆ ಇದನ್ನು ಕೇಳಿ, "ನಿನ್ ತಮಿಳು ತರಕಾರಿ ಗಾಡಿ ವರೆಗೂ ಸರಿ ಕಣೇ. ಅದುಕ್ಕು ಮೇಲೆ ಹೋಗ್ಬೇಡ," ಎಂದಿದ್ದರು.

ನಾನು ಹೋದೆ. ನಗರ ಯೋಜನೆ ಓದಿಕೊಂಡಿದ್ದವಳಿಗೆ ಒಂದು ಸಂಶೋಧನಾ ತಂಡದಲ್ಲಿ ಕೆಲಸ ಸಿಕ್ಕಿತು. ಶೋಳಿಂಗನಲ್ಲೂರ್ ದಾಟಿ ಒಳಕ್ಕೆ ತಿರುಗಿದರೆ ಒಂದು ಹಳ್ಳಿ. ಹಳ್ಳಿ ಎನ್ನಬೇಕೋ ಬೇಡವೋ, ಆ ದೇವರಿಗೇ ಗೊತ್ತು. ಗದ್ದೆಗಳೆಲ್ಲ ಸೈಟುಗಳಾಗಿ, ಸೈಟುಗಳೆಲ್ಲ ಅಪಾರ್ಟ್‌ಮೆಂಟುಗಳಾಗಿ ಎದ್ದಿದ್ದವು. ನಾಟಿ ಮಾಡುತ್ತಿದ್ದ ಹೆಂಗಸರು ಈಗ ಐ.ಟಿ. ಕಂಪನಿಗಳಲ್ಲಿ ನೆಲ ಒರೆಸಲು ಹೋಗುತ್ತಿದ್ದರು. ಹಳೆಯದು ಅಂತ ಉಳಿದದ್ದು ಒಂದು ಕೆರೆ. ಊರಿನವರಿಗೆ ಯಾವ ಜಾಗ ಉಳಿಯಬೇಕು ಎಂದು ಕೇಳಿ ನಕ್ಷೆಯ ಮೇಲೆ ಗುರುತು ಹಾಕುವುದು ನನ್ನ ಕೆಲಸ. ಆ ನಕ್ಷೆ ನೋಡಿಕೊಂಡೇ ಹೊಸ ರಸ್ತೆ ಎಲ್ಲಿ ಹಾಯಬೇಕೆಂದು ತೀರ್ಮಾನ ಮಾಡುವುದಿತ್ತು.

ಅಲ್ಲಿನ ಹೆಂಗಸರ ಸಂಘಕ್ಕೆ ಮುಖ್ಯಸ್ಥೆ ಒಬ್ಬ ಅಜ್ಜಿ. ಎಲ್ಲರೂ ಪಾಟಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಬಾಯಿ ತೆಗೆದರೆ ಮೈಕು ಬೇಡ, ಅಂಥ ಗಂಟಲು. "ಎಲ್ಲಾಂ ಪೋಚ್ಚು, ಕಣ್ಣು. ಕರೈ ಮಟ್ಟುಂ ವೇಣುಂ," ಎಂದಳು. ಎಲ್ಲ ಹೋಯಿತು ಮಗಳೇ, ಅದೊಂದಿದ್ದರೆ ಸಾಕು ಅಂತ. ಕೆಲಸ ಮುಗಿಸಿ ಬಂದ ಮೇಲೆ ದಿನಾ ಸಂಜೆ "ಕರೈಲೆ" ಕೂರುತ್ತಾರಂತೆ. ಒಬ್ಬರ ಮನೆಯಲ್ಲಿ ಸಂಘ ಸೇರಿದರೆ ಇನ್ನೊಂದು ಬೀದಿಯವರು ಮೆಟ್ಟಿಲು ಹತ್ತುವುದಿಲ್ಲ, ಅಲ್ಲಾದರೆ ಎಲ್ಲ ಬೀದಿಯವರೂ ಬರುತ್ತಾರೆ, ಅದು ಹೋದರೆ ಸಂಘವೂ ಹೋದ ಹಾಗೇ ಎಂದಳು.

ಕರೈಲೆ ಎಂದರೆ ಕೆರೆಯಲ್ಲಿ. ಇದಕ್ಕೆ ನಿಘಂಟು ಬೇರೆ ಬೇಕೇ! ನಮ್ಮದು ತುಮಕೂರಿನ ಕಡೆ. ನಮ್ಮೂರ ಕೆರೆಯಲ್ಲಿ ನೀರಿಗಿಂತ ಕ್ರಿಕೆಟ್ ಆಡುವ ಹುಡುಗರನ್ನು ನೋಡಿದ್ದೇ ಹೆಚ್ಚು. ಇವರೂ ಒಣಗಿದ ಅಂಗಳದಲ್ಲಿ ಕೂತು ಹರಟುತ್ತಾರೆ ಅಂದುಕೊಂಡೆ. ನಾನು ಹೋಗುತ್ತಿದ್ದದ್ದು ಮಟಮಟ ಮಧ್ಯಾಹ್ನ, ಅವರು ಸೇರುತ್ತಿದ್ದದ್ದು ಸಂಜೆ. ಕಣ್ಣಾರೆ ನೋಡದೆ ಕೆರೆಯ ನಟ್ಟನಡುವೆ ಒಂದು ಕೆಂಪು ಚುಕ್ಕೆ ಇಟ್ಟು, 'ಮಹಿಳೆಯರು ಸೇರುವ ಜಾಗ' ಎಂದು ಇಂಗ್ಲಿಷಿನಲ್ಲಿ ಬರೆದುಬಿಟ್ಟೆ. ತಂಡದಲ್ಲಿ ತಮಿಳರಿಗೇನೂ ಬರವಿರಲಿಲ್ಲ. ಅವರಿಗೂ ಅನುಮಾನ ಬರಲಿಲ್ಲ.

ಊರ ಶಾಲೆಯ ಜಗಲಿಯಲ್ಲಿ ಸಭೆ ನಡೆಯಿತು. ಗೋಡೆಗೆ ದೊಡ್ಡ ನಕ್ಷೆ ತೂಗುಹಾಕಿದ್ದರು. ಅಷ್ಟು ಹೊತ್ತಿಗೆ ಭಾರಿ ಮಳೆಗಳಾಗಿ ಕೆರೆ ತುಂಬಿ ತುಳುಕುತ್ತಿತ್ತು. ರಸ್ತೆ ಯೋಜನೆಯ ಕಡೆಯಿಂದ ಬಂದಿದ್ದ ಅಧಿಕಾರಿ ಹುರುಪಿನಿಂದ, "ನಿಮ್ಮ ಏರಿಯನ್ನು ಯಾರೂ ಮುಟ್ಟುವುದಿಲ್ಲ. ನೀವು ಸೇರುವ ಜಾಗವೂ ಭದ್ರ. ರಸ್ತೆ ಕರೈ ಮೇಲೆ ಹೋಗುತ್ತದೆ. ಅಲ್ಲಿ ಯಾರೂ ಏನೂ ಮಾಡುತ್ತಿಲ್ಲವಲ್ಲ," ಎಂದು ತಮಿಳಿನಲ್ಲಿ ಹೇಳಿ ನೀಲಿ ಬಣ್ಣದ ಮಧ್ಯದ ಚುಕ್ಕೆಗೆ ಬೆರಳಿಟ್ಟರು.

ಪಾಟಿ ಎದ್ದು ನಿಂತಳು. ನಕ್ಷೆಯನ್ನು ನೋಡಿದಳು, ಶಾಲೆಯ ಆಚೆ ತುಂಬಿ ನಿಂತಿದ್ದ ಕೆರೆಯನ್ನು ನೋಡಿದಳು. "ಅಲ್ಲಯ್ಯಾ, ನೀರೊಳಗೆ ಕೂತು ಸಂಘ ನಡೆಸೋಕೆ ನಾವೇನು ಬಾತುಕೋಳಿಗಳಾ?"

ಜಗಲಿಯೆಲ್ಲ ಗೊಳ್ಳೆಂದಿತು. ಆಗ ನನಗೆ ಹೊಳೆಯಿತು, ಈ ಎರಡು ಮಾತುಗಳು ಗಡಿ ದಾಟುವಾಗ ಜಾಗ ಅದಲುಬದಲು ಮಾಡಿಕೊಂಡಿವೆ. ನಮ್ಮ ಕೆರೆಗೆ ಇವರು ಏರಿ ಎನ್ನುತ್ತಾರೆ. ನಮ್ಮ ಏರಿಗೆ, ಅಂದರೆ ನೀರು ತಡೆಯುವ ಒಡ್ಡಿಗೆ, ಕರೈ ಎನ್ನುತ್ತಾರೆ. ಅವರು ಕೂರುತ್ತಿದ್ದದ್ದು ಒಡ್ಡಿನ ಮೇಲೆ. ನಾನು ಅವರನ್ನೆಲ್ಲ ಎತ್ತಿ ನೀರಿಗೆ ಹಾಕಿ, ಖಾಲಿ ಮಾಡಿದ ಒಡ್ಡನ್ನು ರಸ್ತೆಗೆ ಧಾರೆ ಎರೆದುಕೊಟ್ಟಿದ್ದೆ!

ಅಧಿಕಾರಿ ಮುಂದಿನ ವಿಷಯಕ್ಕೆಂದು ಹಾಳೆ ತಿರುಗಿಸುವುದರಲ್ಲಿದ್ದರು. ಇನ್ನು ಮಾನ ಮರ್ಯಾದೆ ನೋಡಿಕೊಂಡು ಕೂತರೆ ಆಗದು ಎಂದು ದಡಬಡ ಎದ್ದು, ನನ್ನ ತರಕಾರಿ ಗಾಡಿಯ ತಮಿಳಿನಲ್ಲೇ ಎಲ್ಲವನ್ನೂ ಒದರಿದೆ. "ತಪ್ಪು ನನ್ನದು, ಸರ್. ಇವರು ಸರಿಯಾಗೇ ಹೇಳಿದ್ದಾರೆ, ನಾನು ಕನ್ನಡದಲ್ಲಿ ಕೇಳಿಸಿಕೊಂಡೆ. ಸಂಜೆವರೆಗೂ ಇದ್ದು ನೋಡಿ." ಅಧಿಕಾರಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ನಗು ತಡೆಯಲಾರದೆ ಭುಜ ಕುಲುಕಿಸಿದರು.

ಸಂಜೆ ಅವರನ್ನು ಒಡ್ಡಿನ ಮೇಲೆ ಕರೆದುಕೊಂಡು ಹೋದೆವು. ತಾಳೆಮರಗಳ ಕೆಳಗೆ ಒಂದೊಂದೇ ಬೀದಿಯಿಂದ ಹೆಂಗಸರು ಬಂದರು. ಕಂಪನಿಯ ಸಮವಸ್ತ್ರದಲ್ಲೇ ಇದ್ದವರು, ಮಗುವನ್ನು ಸೊಂಟಕ್ಕೇರಿಸಿಕೊಂಡವರು, ಬೇಯಿಸಿದ ಕಡಲೆಕಾಯಿ ತಂದವರು. ಸ್ವಲ್ಪ ಹೊತ್ತಿಗೆ ಅಧಿಕಾರಿ ಕೂತಿರುವುದನ್ನೇ ಮರೆತು, ದೋಸೆಹಿಟ್ಟು ಮಾರುವ ಸರದಿ ಯಾರದು ಎಂದು ಜಗಳಕ್ಕೆ ಬಿದ್ದರು. ಆತ ಚಪ್ಪಲಿ ಬಿಚ್ಚಿ ಕಡಲೆಕಾಯಿ ಸುಲಿಯುತ್ತ ಕೇಳಿಸಿಕೊಂಡರು. ಎದ್ದು ಹೊರಡುವಾಗ ನನ್ನ ಪೆನ್ನು ಇಸಿದುಕೊಂಡು, ನೀರಿನಲ್ಲಿದ್ದ ಚುಕ್ಕೆಯಿಂದ ಒಡ್ಡಿನವರೆಗೆ ಒಂದು ಬಾಣ ಎಳೆದರು.

ಮನೆಗೆ ಬಂದು ಹೇಳಿದರೆ ಅತ್ತೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು. "ಅಡ ರಾಮಾ, ಒಂದು ಊರು ಪೂರಾ ಮುಳುಗ್ಸಿ ಬಂದಿಯೇನೇ!" ಆಮೇಲೆ ವಾರಗಟ್ಟಲೆ ನನಗೆ ಕೊಡ ತೋರಿಸಿ, "ಇದುಕ್ಕು ನಿಮ್ಮೂರಲ್ಲಿ ಏನಂತಾರೆ?" ಎಂದು ಕಾಡಿದರು.

ಹೊಸ ನಕ್ಷೆಯಲ್ಲಿ ರಸ್ತೆ ಆಚೆ ಬದಿಯ ಖಾಲಿ ಬಡಾವಣೆಗೆ ಸರಿದಿತ್ತು. ಅದನ್ನು ಹಿಡಿದುಕೊಂಡು ಒಂದು ಸಂಜೆ ಒಬ್ಬಳೇ ಹೋದೆ. ಪಾಟಿ ಚುಕ್ಕೆಯ ಮೇಲೆ ಬೆರಳಿಟ್ಟು, ತಾನು ಕೂತಿದ್ದ ನೆಲವನ್ನೊಮ್ಮೆ ತಟ್ಟಿ ನೋಡಿ, ಹೌದು ಎಂದು ತಲೆದೂಗಿದಳು. ನನಗೆ ಕಣ್ಣು ತುಂಬಿ ಬಂತು. ಎಷ್ಟು ಖುಷಿಯಾಗಿತ್ತೆಂದರೆ ಅದನ್ನು ಮುಚ್ಚಿಡುವ ಗೋಜಿಗೂ ಹೋಗಲಿಲ್ಲ.

ಪಾಟಿ ಸರಿದು ಪಕ್ಕದಲ್ಲಿ ಜಾಗ ಮಾಡಿದಳು. "ಇನ್ನು ಮೇಲೆ ಯಾರು ಬಂದು ಕೇಳಿದರೂ ನಿಮ್ಮ ಮಾತಿನಲ್ಲಿ ಏರಿ ಎಂದೇ ಹೇಳುತ್ತೇವೆ, ಕಣ್ಣು. ನಿನ್ನ ಹಾಗೆ ಯಾರೂ ತಪ್ಪಬಾರದು."

"ಅಯ್ಯೋ, ಬೇಡ ಪಾಟಿ!" ಎಂದು ಅವಳ ಎರಡೂ ಕೈ ಹಿಡಿದುಕೊಂಡೆ. "ನಾಳೆ ತಮಿಳರೇ ಬಂದು ಕೇಳಿದರೆ ಮತ್ತೆ ನೀರಿಗೇ ಹಾಕುತ್ತಾರೆ!"

ಅವಳು ನನ್ನ ಮಡಿಲಿಗೆ ಒಂದು ಹಿಡಿ ಕಡಲೆಕಾಯಿ ಸುರಿದಳು.

"ಹಾಗಾದರೆ ನೀನೇ ಬರುತ್ತಾ ಇರು," ಎಂದಳು.