ಕುಬಸದ ಗಂಟು

ರಂಗಂಪೇಟೆಯ ನಮ್ಮ ಅಂಗಳದ ತಂತಿಯ ಮೇಲೆ ಅಕ್ಕನ ಖಣದ ಕುಬಸ ಒಣಗುತ್ತಿದೆ. ಗುಂಡಿಯಿಲ್ಲದ, ಮುಂದೆ ನಟ್ಟನಡುವೆ ಗಂಟು ಹಾಕುವ ಹಳೆಯ ರೂಢಿಯ ರವಿಕೆ ಅದು. ಒದ್ದೆ ಖಣದ ವಾಸನೆ ಬಂದೊಡನೆ ನನಗೆ ಆರು ವರ್ಷಗಳ ಹಿಂದಿನ ತಪಾಸಣೆಯ ಕೋಣೆ ನೆನಪಾಯಿತು. ಆರು ಎಂಬುದು ಅಂದಾಜಲ್ಲ. ಕಡತ ನೋಡಿಯೇ ಬರೆಯುತ್ತಿದ್ದೇನೆ. ಶಾಸನಗಳ ಕಾಲನಿರ್ಣಯದಲ್ಲಿ ಆಯುಷ್ಯ ಸವೆಸಿದವನ ಚಟವೆಂದು ಕ್ಷಮಿಸಿ.

“ಗಂಟು ಯಾವಾಗಿಂದ ಐತ್ರಿ, ಅಮ್ಮಾ?” ಎಂದಿದ್ದರು ಡಾಕ್ಟರು.

“ಮದಿವ್ಯಾದಾಗಿಂದ ಐತ್ರಿ. ನಾ ಗುಂಡಿ ಕುಬಸ ತೊಡಾಕಿ ಅಲ್ಲ,” ಎಂದಳು ಅಕ್ಕ.

ನರ್ಸ್ ನಕ್ಕರು. ‘ಎದೆಯ ಗಂಟು’ ಎಂದು ತಿದ್ದಬೇಕಾದವನು ನಾನು. ಅಕ್ಕನ ಮುಂದೆ ಆ ಪದ ಬಾಯಿಗೆ ಬರಲಿಲ್ಲ. ಎಡ ಸ್ತನದ ಗಡ್ಡೆಯನ್ನಷ್ಟೇ ತೆಗೆದು, ಸ್ತನವನ್ನು ಉಳಿಸಿ, ರೇಡಿಯೇಷನ್ ಕೊಟ್ಟರು. ಅಂದಿನಿಂದ ಪ್ರತಿ ವರ್ಷದ ತಪಾಸಣೆಯ ದಿನವನ್ನು ನಾನು ತಪ್ಪದೆ ಗುರುತಿಸಿಟ್ಟೆ.

ಈಗ ಹಳೆಯ ಗಾಯದ ಪಕ್ಕದಲ್ಲೇ ಕ್ಯಾನ್ಸರ್ ಮರಳಿದೆ. ಈ ಸಲ ಸ್ತನವನ್ನೇ ತೆಗೆಯಬೇಕಂತೆ. ಬೇರೆ ಕಡೆಗೂ ಹರಡಿದೆಯೇ ಎಂಬುದನ್ನು ನಾಳೆ ಯಾದಗಿರಿಯಲ್ಲಿ ಸ್ಕ್ಯಾನ್ ವರದಿ ನೋಡಿ ಹೇಳುತ್ತಾರೆ. ಆಸ್ಪತ್ರೆಯವರು ಕೊಟ್ಟ ಅರ್ಜಿಯಲ್ಲಿ ‘ಮೊದಲು ಗಮನಕ್ಕೆ ಬಂದದ್ದು’ ಎಂಬಲ್ಲಿ ‘ದಸರೆಯ ನಂತರ’ ಎಂದು ಬೆಳಿಗ್ಗೆ ತುಂಬಿದ್ದೆ. ಓದಿ ತೋರಿಸಿದಾಗ ಅಕ್ಕ ಸಿಡುಕಿದಳು.

“ಅದನ್ನ ಹೊಡದಹಾಕು. ಕಾರಹುಣ್ಣಿವಿ ದಿನಾನ ಹೇಳೀನಿ ನಿನಗ.”

“ನನಗ? ಹೇಳಿದ್ರ ಸುಮ್ನ ಕುಂದರ್ತಿದ್ನೇನು?”

“ತಮ್ಮನ ಮುಂದ ಇನ್ನ ಹ್ಯಾಂಗ ಬಿಡಿಸಿ ಹೇಳ್ಲೋ? ಸತ್ತ ರಾಜರ ತಾರೀಖೆಲ್ಲಾ ಹುಡುಕ್ತಿ. ನಿನ್ನ ಡೈರಿ ತಗದು ನೋಡು.”

ಅವಳ ಮಾತು ತಪ್ಪೆಂದು ತೋರಿಸಲೆಂದೇ ದಿನಚರಿ ತೆಗೆದೆ. ಕಾರಹುಣ್ಣಿಮೆಯ ಪುಟದಲ್ಲಿ, ಹೋಳಿಗೆಯ ವರ್ಣನೆಯ ಕೆಳಗೆ, ನನ್ನದೇ ಅಕ್ಷರ: ‘ಎಡಕ್ಕ ಗಂಟು ಒತ್ತಾಕತ್ತೈತಿ ಎಂದಳು ಅಕ್ಕ. ಸಡಿಲ ಕಟ್ಟಿಕೋ ಎಂದೆ.’

ಸವೆದ ಕಲ್ಲಿನ ಒಂದಕ್ಷರಕ್ಕಾಗಿ ವರ್ಷಗಟ್ಟಲೆ ವಾದಿಸಿದವನು ನಾನು. ಕುಬಸದ ಗಂಟು ನಡುವೆ ಬೀಳುತ್ತದೆ, ಎಡಕ್ಕೆಂದೂ ಬೀಳುವುದಿಲ್ಲ. ಕಾರಹುಣ್ಣಿಮೆಯಿಂದ ಇಂದಿಗೆ ನಾಲ್ಕು ತಿಂಗಳು ದಾಟಿವೆ. ಎರಡು ಸಲ ಎಣಿಸಿದೆ. ಆ ನಾಲ್ಕು ತಿಂಗಳಲ್ಲಿ ಅದು ಎಲ್ಲಿಯವರೆಗೆ ಹೋಗಿದೆಯೋ ಕಾಣೆ.

ಅರ್ಜಿಯಲ್ಲಿ ದಸರೆಯನ್ನು ಹೊಡೆದು ಕಾರಹುಣ್ಣಿಮೆಯ ತಾರೀಖು ಬರೆದೆ. ಒಣಗಿದ ಕುಬಸವನ್ನು ತಂತಿಯಿಂದ ತೆಗೆದು ಒಳಗೆ ಒಯ್ದೆ. ನಾಳೆ ಅದನ್ನೇ ತೊಟ್ಟು ಹೋಗುತ್ತಾಳಂತೆ.

“ಅಕ್ಕಾ, ನೋಯಾಕತ್ತೈತೇನು?”

“ಎಲ್ಲಿ?” ಎಂದಳು, ನನ್ನ ಮುಖವನ್ನೇ ನೋಡುತ್ತ.

“ಎದಿಯಾಗ,” ಎಂದೆ.