ಹೂಂಗುಟ್ಟಲೂ ಅಪ್ಪಣೆಯಿಲ್ಲದ ದಿನಗಳು

ಮೊದಲು ಕೈಕೊಟ್ಟಿದ್ದು ಕೀರ್ತನೆಯ ಮೂರನೆಯ ಚರಣದಲ್ಲಿ.

ಕಾಫಿ ಕೊಯ್ಲಿನ ಕಾಲ. ಎಸ್ಟೇಟ್ ಲೈನಿನ ಸಾಲುಮನೆಗಳ ಅಂಗಳದಲ್ಲಿ ಕೂಲಿಯವರಿಗೆ ಪಾಸ್ಟರಾದ ನಾನು ಸಂಜೆಯ ಪ್ರಾರ್ಥನೆ ನಡೆಸುತ್ತಿದ್ದೆ. ಪಕ್ಕದಲ್ಲೇ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡುತ್ತಿತ್ತು. ಆ ಸದ್ದಿನ ಮೇಲೆ ಕೂಗಿ ಕೂಗಿ ಹಾಡುವುದು, ಪ್ರಸಂಗ ಮಾಡುವುದು ಇಷ್ಟು ವರ್ಷದಿಂದ ನನಗೆ ಅಭ್ಯಾಸವೇ ಆಗಿತ್ತು. ಬಾಯಿ ತೆರೆದೆ. ಗಾಳಿ ಬಂತು.

ಧ್ವನಿ ಬರಲಿಲ್ಲ.

ಶೀತ ಅಂದುಕೊಂಡೆ. ಮೆಣಸಿನ ಕಷಾಯ, ಜೇನು, ಉಪ್ಪುನೀರು ಎಲ್ಲ ಆಯಿತು. ತಿಂಗಳು ಕಳೆದರೂ ಗಂಟಲು ಹರಿದ ತಮಟೆಯ ಹಾಗೇ ಇತ್ತು. ಕೊನೆಗೆ ಹೆಂಡತಿ ಸುಗುಣ ಕೊಟ್ಟಿಗೆಹಾರದಲ್ಲಿ ನನ್ನನ್ನು ಬಸ್ಸು ಹತ್ತಿಸಿ, ಚಾರ್ಮಾಡಿ ಘಾಟಿ ಇಳಿಸಿ, ಮಂಗಳೂರಿನ ಇಎನ್‌ಟಿ ಡಾಕ್ಟರ ಮುಂದೆ ಕೂರಿಸಿದಳು. ಅವರು ಮೂಗಿನಿಂದ ಕ್ಯಾಮೆರಾ ಇಳಿಸಿ ತುಂಬ ಹೊತ್ತು ನೋಡಿದರು. ಅಷ್ಟು ಹೊತ್ತು ನೋಡಿದ್ದೇ ನನಗೆ ಸರಿಬರಲಿಲ್ಲ.

"ವೋಕಲ್ ಕಾರ್ಡ್ ಮೇಲೆ ಒಂದು ಬಿಳಿ ಪ್ಯಾಚ್ ಉಂಟು. ಬಯಾಪ್ಸಿ ಮಾಡುವ."

"ಕ್ಯಾನ್ಸರಾ?"

"ರಿಪೋರ್ಟ್ ಬರ್ಲಿ."

ಎಷ್ಟೋ ಜನರ ಹಾಸಿಗೆಯ ಪಕ್ಕ ಕೂತು ಸಮಾಧಾನ ಹೇಳಿದವನು ನಾನು. 'ರಿಪೋರ್ಟ್ ಬರಲಿ' ಅನ್ನುವ ಮಾತಿನ ಒಳಗೆ ಏನೇನು ಅಡಗಿಸಿಡಬಹುದು ಅಂತ ನನಗೆ ಚೆನ್ನಾಗಿ ಗೊತ್ತು.

ಬಯಾಪ್ಸಿ ಆಯಿತು. ಇನ್ನು ಅವರು ಹೇಳುವವರೆಗೆ ಮಾತು ಪೂರ್ತಿ ಬಂದ್. ಪಿಸುಮಾತು ಇನ್ನೂ ಕೆಟ್ಟದ್ದಂತೆ. ಹೂಂಗುಟ್ಟುವುದೂ ಬೇಡ ಅಂದರು. ಆಮೇಲೆ ನನ್ನನ್ನು ಔಷಧಿ ತರಲು ಕಳಿಸಿ, ಸುಗುಣಳನ್ನು ಮಾತ್ರ ಒಳಗೆ ಉಳಿಸಿಕೊಂಡರು. ವಾಪಸ್ ಬಂದಾಗ ಗಾಜಿನ ಬಾಗಿಲ ಆಚೆ ಅವರು ಏನೋ ಹೇಳುತ್ತಿದ್ದರು, ಇವಳು ತಲೆಯಾಡಿಸುತ್ತಿದ್ದಳು.

ಏನು ಅಂತ ಇವಳು ಹೇಳಲಿಲ್ಲ. ಕೇಳಲು ನನಗೆ ಬಾಯಿರಲಿಲ್ಲ, ಬರೆದು ಕೇಳಲು ಧೈರ್ಯವಿರಲಿಲ್ಲ.

ಮನೆಗೆ ಬಂದ ಮೇಲೆ ಸುಗುಣ ನನ್ನ ಕೈಗೆ ಒಂದು ಸ್ಟೀಲ್ ಲೋಟ, ಒಂದು ಚಮಚ ಕೊಟ್ಟಳು. ಒಂದು ಸಲ ತಟ್ಟಿದರೆ ಹೂಂ, ಎರಡು ಸಲ ತಟ್ಟಿದರೆ ಊಹೂಂ. ದಿನಾ ನನಗಿಷ್ಟವಾದ ಕಡುಬನ್ನೇ ಬೇಯಿಸತೊಡಗಿದಳು. ಮದುವೆಯಾದಾಗಿನಿಂದ ಇಲ್ಲದ ಉಪಚಾರ ಈಗೇಕೆ? ಫೋನ್ ಬಂದರೆ ಹಿತ್ತಲಿಗೆ ಹೋಗುತ್ತಿದ್ದಳು. ಭಾನುವಾರದ ಆರಾಧನೆಯನ್ನು ಸಭೆಯ ಹಿರಿಯರೊಬ್ಬರು ಅರ್ಧ ಗಂಟೆಯಲ್ಲಿ ಮುಗಿಸಿಬಿಟ್ಟರು. ಜನ ನಗುನಗುತ್ತಾ ಹೊರಗೆ ಬಂದರು. ನನ್ನ ಪ್ರಸಂಗ ಕೇಳಿ ಯಾರೂ ಅಷ್ಟು ಖುಷಿಯಾಗಿ ಹೊರಗೆ ಬಂದಿದ್ದು ನಾನು ಕಂಡಿಲ್ಲ. ಅದರ ಮೇಲೂ ನನಗೆ ಅನುಮಾನ ಬಂತು.

ದೀರ್ಘಶಾಂತಿಯ ಬಗ್ಗೆ ನಾನು ಎಷ್ಟು ಪ್ರಸಂಗ ಮಾಡಿದ್ದೇನೋ ಲೆಕ್ಕವಿಲ್ಲ. ಸೈರಣೆ ಆತ್ಮದ ಫಲ, ನೆಟ್ಟವನು ಕಾಯಬೇಕು ಅಂತ ಕಾಫಿ ಗಿಡ ನೆಟ್ಟು ವರ್ಷಗಟ್ಟಲೆ ಕಾಯುವ ಜನಕ್ಕೇ ಬೋಧಿಸಿದ್ದೇನೆ. ಅವರು ಪಾಪ, ತಲೆಯಾಡಿಸಿ ಕೇಳಿಸಿಕೊಂಡಿದ್ದಾರೆ. ನನ್ನ ಸರದಿ ಬಂದಾಗ ಒಂದು ರಿಪೋರ್ಟಿಗೆ ಕಾಯಲು ಆಗದೆ ದೇವರ ಮೇಲೂ ಅನುಮಾನದ ಕಣ್ಣಿಟ್ಟಿದ್ದೆ. ಸೇವೆಗೆ ಅಂತ ಕರೆದು ತಂದವನು ಸೇವೆಯ ಉಪಕರಣವನ್ನೇ ಕಿತ್ತುಕೊಂಡರೆ ಏನು ಅಂದುಕೊಳ್ಳಬೇಕು?

ಆಗ ಬಂದವರು ವೀರೇಶಪ್ಪನವರು.

ನಮ್ಮ ಮನೆಯ ಎದುರೇ ಅವರ ಹಾರ್ಡ್‌ವೇರ್ ಅಂಗಡಿ. ಹಣೆಗೆ ವಿಭೂತಿ ಇಲ್ಲದೆ ಗಲ್ಲಾಪೆಟ್ಟಿಗೆ ಮುಟ್ಟಿದವರಲ್ಲ. ನಾನು ಅಂಗಡಿಗೆ ಹೋದರೆ ತಕ್ಕಡಿ ಒರೆಸಲು ಶುರು ಮಾಡುತ್ತಿದ್ದರು. ಒಮ್ಮೆ ಅವರಿಗೆ ಒಂದು ಕರಪತ್ರ ಕೊಟ್ಟಿದ್ದೆ. ಮುಂದಿನ ಸಲ ಅದರಲ್ಲೇ ಮೊಳೆ ಕಟ್ಟಿ ನನಗೆ ವಾಪಸ್ ಕೊಟ್ಟಿದ್ದರು. ನಮ್ಮ ಒಡನಾಟ ಅಷ್ಟೇ.

ಅಂಥವರು ಒಂದು ಮಧ್ಯಾಹ್ನ ತಮ್ಮದೇ ಸ್ಟೂಲ್ ಹಿಡಿದುಕೊಂಡು ನಮ್ಮ ಜಗಲಿ ಹತ್ತಿದರು.

"ಪಾಸ್ಟ್ರೇ, ನಿಮ್ಗೆ ಮಾತಾಡೋಕೆ ಆಗಲ್ವಂತೆ, ಹೌದಾ?"

ಲೋಟಕ್ಕೆ ಒಂದು ಸಲ ತಟ್ಟಿದೆ.

"ಹಾಗಾದ್ರೆ ಕೂತ್ಕೋಬಹುದು" ಅಂದರು, ಕೂತರು.

ಇವರು ಯಾಕೆ ಬಂದರು? ನಾವು ಊರು ಬಿಡುತ್ತೇವಾ ಅಂತ ತಿಳಿಯಲು ಯಾರಾದರೂ ಕಳಿಸಿದ್ದಾರಾ? ನನ್ನ ಕಾಯಿಲೆ ಎಲ್ಲಿಗೆ ಬಂತು ಅಂತ ನೋಡಲಾ? ದಿನಾ ಊಟದ ನಂತರ ಬಂದು ಕೂತು ಮೆಣಸಿನ ರೇಟು, ಆನೆ ಕಾಟ, ಮಂಡಿನೋವು ಅಂತ ಮಾತಾಡುತ್ತಿದ್ದರು. ಹತ್ತು ಮಾತಿಗೆ ಒಂಬತ್ತನ್ನು ತಿದ್ದಬೇಕು ಅನಿಸುತ್ತಿತ್ತು. ಚಮಚದಲ್ಲಿ ಎಷ್ಟು ವಾದ ಮಾಡಲು ಸಾಧ್ಯ? ಬರಬರುತ್ತಾ ತಿದ್ದುವ ಚಟ ಕಡಿಮೆಯಾಯಿತು. ಎಲ್ಲಿ ಒಮ್ಮೆ ತಟ್ಟಿದರೆ ಅವರ ಮಾತು ಮುಂದುವರಿಯುತ್ತದೆ ಅಂತ ಕೈಗೆ ಗೊತ್ತಾಗತೊಡಗಿತು.

ರಿಪೋರ್ಟಿಗೆ ಹೋಗುವ ಹಿಂದಿನ ದಿನ ಅವರು ಮೆಣಸಿನ ರೇಟು ಹೇಳಲಿಲ್ಲ.

"ನಮ್ಮನೆಯೋಳಿಗೂ ಹೀಗೇ ರಿಪೋರ್ಟ್ ಕಾಯ್ತಿದ್ವಿ. ಅವಳು ಏನೋ ಹೇಳೋಕೆ ಬರೋಳು. ನಾನು ಬಿಡ್ತಿರ್ಲಿಲ್ಲ ಮಾರಾಯ್ರೆ. ಏನೂ ಆಗಲ್ಲ ಸುಮ್ನಿರು, ಏನೂ ಆಗಲ್ಲ ಸುಮ್ನಿರು ಅಂತ ನಾನೇ ಮಾತಾಡ್ತಿದ್ದೆ. ಕೊನೆಗೆ ಅವಳು ಸುಮ್ನಾಗೇಬಿಟ್ಲು."

ಅಷ್ಟರಲ್ಲಿ ಅಂಗಡಿಯ ಮುಂದೆ ಯಾರೋ ಮುಳ್ಳುತಂತಿ ಬೇಕು ಅಂತ ಕೂಗಿದರು. ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ಹೋದರು.

ಇಂಥ ಹೊತ್ತಿಗೆಂದೇ ನನ್ನ ಹತ್ತಿರ ಸಿದ್ಧವಾದ ಮಾತುಗಳಿವೆ. ದೇವರ ಚಿತ್ತ, ನಿತ್ಯ ಜೀವ, ಮತ್ತೆ ಸೇರುವ ದಿನ. ಧ್ವನಿ ಇದ್ದಿದ್ದರೆ ಮೂರನ್ನೂ ಅಲ್ಲೇ ಸುರಿದು ಅವರ ಬಾಯಿ ಮುಚ್ಚಿಸಿಬಿಡುತ್ತಿದ್ದೆ. ಅವರು ಕೇಳಿಸಿಕೊಳ್ಳುವವರನ್ನು ಹುಡುಕಿಕೊಂಡು ಬಂದಿದ್ದರು. ನಾನು ಪತ್ತೇದಾರನ ಹಾಗೆ ಕಾರಣ ಹುಡುಕುತ್ತಾ ಕೂತಿದ್ದೆ. ನಾಚಿಕೆಯಾಯಿತು.

ಮಾರನೆಯ ದಿನ ಡಾಕ್ಟರು ಕಾಗದ ಬಿಡಿಸಿದರು.

"ಕ್ಯಾನ್ಸರ್ ಅಲ್ಲ."

ಆದರೆ ಮುಂದೆ ಹಾಗೆ ತಿರುಗಬಹುದಾದ ಜೀವಕೋಶಗಳಿದ್ದವಂತೆ. ಬಯಾಪ್ಸಿಯಲ್ಲೇ ಪ್ಯಾಚ್ ತೆಗೆದಾಗಿದೆ, ಆಗಾಗ ಬಂದು ತೋರಿಸುತ್ತಿರಬೇಕು. ಇನ್ನು ಸ್ವಲ್ಪ ಸ್ವಲ್ಪ ಮಾತಾಡಬಹುದು, ಕೂಗುವ ಹಾಗಿಲ್ಲ. ತಕ್ಷಣ ಕೇಳಿದೆ, ಗೊಗ್ಗರು ಧ್ವನಿಯಲ್ಲಿ: "ಅವತ್ತು ಇವಳ ಹತ್ರ ಏನು ಹೇಳಿದ್ರಿ?"

ಅವರು ನಕ್ಕರು. "ನಿಮ್ಮ ಯಜಮಾನರು ಬಾಯಿ ಮುಚ್ಚಿಕೊಂಡು ಇರುವ ಆಸಾಮಿ ಅಲ್ಲ, ನೀವೇ ಸ್ವಲ್ಪ ಕಾವಲು ಕಾಯ್ಬೇಕು ಅಂದೆ."

ಘಾಟಿ ಹತ್ತುವಾಗ ಸುಗುಣ ಕಿಟಕಿಯ ಕಡೆ ತಿರುಗಿ ಅತ್ತಳು. ಏನೂ ಆಗಲ್ಲ ಅಂತ ನಾನು ಹೇಳಲಿಲ್ಲ. ಕೈ ಹಿಡಿದುಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಅವಳೇ ಹೇಳತೊಡಗಿದಳು, ಎಷ್ಟು ಹೆದರಿದ್ದಳು ಅಂತ. ಕೊಟ್ಟಿಗೆಹಾರ ಬರುವವರೆಗೂ ಹೇಳಿದಳು.

ಈಗಲೂ ಬೆಳಿಗ್ಗೆ ಎದ್ದಕೂಡಲೇ ಗಂಟಲನ್ನು ನಂಬುವುದಿಲ್ಲ. 'ದೇವರೇ' ಅಂತ ಒಮ್ಮೆ ಅಂದು ನೋಡುತ್ತೇನೆ. ಧ್ವನಿ ಬಂದರೆ ಅದೇ ಅವತ್ತಿನ ಸ್ತೋತ್ರ.

ಊರಿಗೆ ಮರಳಿದ ಮರುದಿನ ಮಧ್ಯಾಹ್ನ ವೀರೇಶಪ್ಪನವರು ಬಂದರು. ಜಗಲಿ ಹತ್ತಲಿಲ್ಲ. ಸ್ಟೂಲ್ ಕಂಕುಳಲ್ಲೇ ಇತ್ತು.

"ಮಾತು ಬಂತಂತೆ?"

"ಬಂತು."

ಅವರು ಒಂದು ಹೆಜ್ಜೆ ಹಿಂದೆ ಸರಿದರು. ಈಗ ಪ್ರಸಂಗ ಶುರುವಾಗುತ್ತದೆ ಅಂತ ಅವರ ಮುಖದಲ್ಲೇ ಬರೆದಿತ್ತು.

"ಕೂತ್ಕೊಳ್ಳಿ. ಮೊನ್ನೆ ಎಲ್ಲಿಗೆ ನಿಲ್ಸಿದ್ರಿ?" ಅಂದೆ.

ತುಂಬ ಹೊತ್ತು ನನ್ನನ್ನು ಅನುಮಾನದಿಂದಲೇ ನೋಡಿದರು. ಆಮೇಲೆ ಮೇಲೆ ಬಂದು ಸ್ಟೂಲ್ ಹಾಕಿಕೊಂಡರು.

"ಗಿರಿಜಾ ಅಂತ ಅವಳ ಹೆಸ್ರು" ಅಂದರು.

ನಾನು ಚಮಚ ಎತ್ತಿಕೊಂಡು ಲೋಟಕ್ಕೆ ಒಂದು ಸಲ ತಟ್ಟಿದೆ.